ದಾರಿ ತಪ್ಪದ ಚಿರತೆ

ಮಂಡ್ಯ, ಮೈಸೂರು ಸೀಮೆಯ ಕಬ್ಬಿನ ಗದ್ದೆಯಲ್ಲಿ ಚಿರತೆಯೊಂದು ಕಾಣಿಸಿಕೊಂಡಿತೆಂದರೆ, ಅದು ದಾರಿ ತಪ್ಪಿ ಕಾಡಿನಿಂದ ನಾಡಿಗೆ ಬಂದಿತೆಂದು ಬರೆಯದ ಪತ್ರಿಕೆಯಿಲ್ಲ, ನಂಬದ ಓದುಗನಿಲ್ಲ. ಆ ಮೃಗವು ಅದೇ ಗದ್ದೆಯಲ್ಲಿ ಹುಟ್ಟಿ, ಆ ಊರಿನ ನಾಯಿ ಕುರಿಗಳನ್ನೇ ತಿಂದು ಬೆಳೆದು, ಅಲ್ಲಿಯೇ ಮರಿಹಾಕಿದ್ದಿರಬಹುದೆಂಬ ಸಂಭವವು ಯಾರಿಗೂ ಹೊಳೆಯದು; ಕಾಡನ್ನು ಮೃಗಗಳಿಗೂ ಊರನ್ನು ಮನುಷ್ಯರಿಗೂ ವಿಧಾತನೇ ಪಾಲುಮಾಡಿ ಕೊಟ್ಟನೆಂಬ ಭಾವನೆ ನಮ್ಮಲ್ಲಿ ಅಷ್ಟು ದೃಢವಾಗಿದೆ.

ಪ್ರಾಣಿಯ ನೆಲೆಯನ್ನು ನಿರ್ಣಯಿಸುವುದು ಅದರ ಇಚ್ಛೆಯೊಂದೇ ಅಲ್ಲ, ಅದರ ಪ್ರತಿಸ್ಪರ್ಧಿಗಳೂ ಹೌದು. ಚಿರತೆಯ ಬಾಯಿಂದ ಬೇಟೆಯನ್ನು ಕಸಿಯುವುದಲ್ಲದೆ, ಸಮಯ ಸಿಕ್ಕಿದರೆ ಅದನ್ನೇ ಕೊಲ್ಲಬಲ್ಲ ಹುಲಿಯ ನೆರೆಯಲ್ಲಿ ಬಾಳುವುದು ಸುಲಭವಲ್ಲ. ನಾಗರಹೊಳೆಯಂತೆ ಬೇಟೆ ಸಮೃದ್ಧವಾಗಿರುವಲ್ಲಿ ಮಾತು ಬೇರೆ: ಅಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಅವರು ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹುಲಿಯು ಕಾಟಿ ಕಡವೆಗಳಂಥ ಭಾರಿ ಮೃಗಗಳತ್ತ ಒಲಿದರೆ, ಚಿರತೆಯೂ ಸೀಳುನಾಯಿಯೂ ಜಿಂಕೆಯಂಥವನ್ನು ಹೆಚ್ಚಾಗಿ ಹಿಡಿದು, ಮೂರೂ ಒಂದೇ ಅರಣ್ಯದಲ್ಲಿ ನಿಭಾಯಿಸಿಕೊಳ್ಳುತ್ತವೆ. ಆದರೆ ಉತ್ತರದ ರಾಜಾಜಿ ಅರಣ್ಯದ ಒಂದು ಭಾಗದಿಂದ ಗುಜ್ಜರ ಗೋಪಾಲಕರು ತೆರಳಿ, ಅಲ್ಲಿ ಹುಲಿಗಳು ಚೇತರಿಸಿಕೊಂಡ ಕೆಲವೇ ವರ್ಷಗಳಲ್ಲಿ, ಚಿರತೆಗಳ ಸಾಂದ್ರತೆ ಕುಸಿದು, ಉಳಿದವು ಊರಿನ ಸಾಕುಪ್ರಾಣಿಗಳತ್ತ ಹೆಚ್ಚಾಗಿ ತಿರುಗಿದವು. ಇವೂ ದಾರಿ ತಪ್ಪಿದವುಗಳೆ?

ಇನ್ನು ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟರೆ ತೀರಿತೆಂಬ ಭ್ರಮೆ. ಆ ಕಾಡಿನಲ್ಲಿ ಆಗಲೇ ಬೇರೆ ಚಿರತೆಗಳು ಎಲ್ಲೆ ಹಾಕಿಕೊಂಡಿರುತ್ತವೆ. ಇತ್ತ ತೆರವಾದ ಗದ್ದೆಗೆ ಮತ್ತೊಂದು ಬಂದು ಸೇರುತ್ತದೆ. ಮಹಾರಾಷ್ಟ್ರದ ಜುನ್ನರಿನಲ್ಲಿ ಹೀಗೆ ಸ್ಥಳಾಂತರಿಸಿದ ಮೇಲೆ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಿದವು.

ಇಂಥ ನಂಬಿಕೆ ಚಿರತೆಯೊಂದಕ್ಕೇ ಮೀಸಲಲ್ಲ; ಹುತ್ತವನ್ನು ಹಾವೇ ಕಟ್ಟಿತೆನ್ನುವವರೂ ಇದ್ದಾರೆ. ಕಟ್ಟಿದ್ದು ಗೆದ್ದಲು, ಹಾವು ಬರಿಯ ಒಕ್ಕಲು. ಹಾವನ್ನು ಕೊಂದವನನ್ನು ಗುರುತಿಟ್ಟುಕೊಂಡು ಅದರ ಜೋಡಿ ಸೇಡು ತೀರಿಸುವುದೆಂಬುದಂತೂ ಚಲನಚಿತ್ರದ ವಿಜ್ಞಾನ. ಪದವಿ ಪಡೆದವರೂ ಇವನ್ನೆಲ್ಲ ನಂಬುತ್ತಾರೆಂಬುದೇ ನನ್ನ ಸಂಕಟ: ಕಣ್ಣೆದುರಿನ ಕಾರಣವನ್ನು ನೋಡುವ ಶ್ರಮಕ್ಕಿಂತ, ಕೇಳಿದ ಕತೆಯನ್ನು ಒಪ್ಪುವ ಸುಖವೇ ಅವರಿಗೆ ಪ್ರಿಯ. ಕೋಳಿ ಅಂಗಡಿಯ ಕಸ ಊರಾಚೆ ರಾಶಿಬಿದ್ದು, ಅದರಿಂದ ಬೀದಿನಾಯಿಗಳು ಹೆಚ್ಚಿ, ಅವುಗಳಿಂದ ಚಿರತೆ ಪುಷ್ಟವಾಗುತ್ತಿರಲು, ಊರಿನ ಗಣ್ಯರು ಬೋನಿನ ಪಕ್ಕದಲ್ಲಿ ಭಾವಚಿತ್ರ ತೆಗೆಸಿಕೊಂಡು, ಕಾಡಿನಲ್ಲಿ ಆಹಾರವಿಲ್ಲದೆ ಪಾಪ ಇತ್ತ ಬಂದಿತೆಂದು ಹೇಳಿಕೆ ಕೊಡುತ್ತಾರೆ.