ಸಹಿಗೂ ಬಂತು ಹೊಸ ಪರೀಕ್ಷೆ

ಹೈದರಾಬಾದ್: ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ಗುಮಾಸ್ತರು ಅದರ ಸಹಿಯನ್ನು ಮಾದರಿ ಸಹಿಯೊಂದಿಗೆ ತಾಳೆ ನೋಡುತ್ತಾರೆ. ಹೊಂದದಿದ್ದರೆ ಚೆಕ್ ವಾಪಸ್. ಆದರೆ ಕಂಪ್ಯೂಟರ್ ಮೂಲಕ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಕೋಟಿಗಟ್ಟಲೆ ರೂಪಾಯಿಯ ಸಂದೇಶ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ?

ಈ ಕೆಲಸ ಡಿಜಿಟಲ್ ಸಹಿಯದು. ರಿಸರ್ವ್ ಬ್ಯಾಂಕ್ 1996ರಲ್ಲಿ ನಗರದ ಮಾಸಾಬ್ ಟ್ಯಾಂಕ್‌ನಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆಗೆ, 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಇಂಥ ಸಹಿಗೆ ಪ್ರಮಾಣಪತ್ರ ನೀಡುವ ಪರವಾನಗಿ 2002ರಲ್ಲಿ ದೊರೆಯಿತು.

ಸಹಿಯನ್ನು ಸ್ಕ್ಯಾನ್ ಮಾಡಿ ಅಂಟಿಸಿದರೆ ಡಿಜಿಟಲ್ ಸಹಿಯಾಗದು. ಇದಕ್ಕೆ ಎರಡು ಕೀಲಿಗಳು. ಗುಟ್ಟಿನ ಕೀಲಿಯಿಂದ ಸಹಿ ಮಾಡಬೇಕು, ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ದಾಖಲೆಯಲ್ಲಿ ಒಂದು ಸೊನ್ನೆ ಹೆಚ್ಚಿಸಿದರೂ ಸಹಿ ತಾಳೆಯಾಗದು.

1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ವಿಧಾನದ ಬಲವಿರುವುದು ಒಂದು ಲೆಕ್ಕದಲ್ಲಿ: ಎರಡು ಭಾರೀ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಹುಡುಕುವುದು ಬಲು ಕಷ್ಟ. ಕ್ವಾಂಟಂ ಕಂಪ್ಯೂಟರ್‌ಗೆ ಅದೂ ಸುಲಭವೆಂದು 1994ರಲ್ಲಿ ಪೀಟರ್ ಶೋರ್ ತೋರಿಸಿದರು. ಅಷ್ಟು ದೊಡ್ಡ ಯಂತ್ರ ಇನ್ನೂ ಸಿದ್ಧವಾಗಿಲ್ಲ. ಆದರೆ ಇಂದು ಸಹಿಯಾದ ಸಾಲಪತ್ರ, ಕರಾರುಗಳು ಇಪ್ಪತ್ತು ಮೂವತ್ತು ವರ್ಷ ನಂಬಿಕೆ ಉಳಿಸಿಕೊಳ್ಳಬೇಕಲ್ಲ!

ಆದ್ದರಿಂದಲೇ ಹೊಸ ವಿಧಾನಗಳ ಹುಡುಕಾಟ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2016ರಲ್ಲಿ ಜಗತ್ತಿನ ಗಣಿತಜ್ಞರನ್ನು ಆಹ್ವಾನಿಸಿತು. ಬಂದ ಪ್ರತಿ ವಿಧಾನವನ್ನೂ ಬಹಿರಂಗವಾಗಿಟ್ಟು, ಸಾಧ್ಯವಾದರೆ ಮುರಿಯಿರಿ ಎಂದು ಸವಾಲು ಹಾಕುವುದೇ ಇಲ್ಲಿನ ಪದ್ಧತಿ. ಅಂತಿಮ ಸುತ್ತು ತಲುಪಿದ್ದ ‘ರೇನ್‌ಬೋ’ ವಿಧಾನದ ಚಿಕ್ಕ ಕೀಲಿಯನ್ನು 2022ರಲ್ಲಿ ವಾರ್ಡ್ ಬ್ಯೂಲೆನ್ಸ್ ವಾರಾಂತ್ಯವೊಂದರಷ್ಟು ಹೊತ್ತಿನಲ್ಲಿ, ಒಂದೇ ಲ್ಯಾಪ್‌ಟಾಪ್‌ನಲ್ಲಿ ಮುರಿದರು. ಪರೀಕ್ಷೆಯಲ್ಲಿ ನಿಂತ ಎಂಎಲ್-ಡಿಎಸ್‌ಎ, ಎಸ್‌ಎಲ್‌ಎಚ್-ಡಿಎಸ್‌ಎ ವಿಧಾನಗಳು 2024ರ ಆಗಸ್ಟ್ 13ರಂದು ಮಾನಕಗಳಾದವು. ಇವುಗಳ ಸಹಿಗಳು ಮಾತ್ರ ಹಳೆಯವಕ್ಕಿಂತ ಬಹಳ ದೊಡ್ಡವು. ಚಿಕ್ಕ ಸಹಿಗಾಗಿ ಶೋಧ ಮುಂದುವರಿದಿದೆ.

ಈ ವಿದ್ಯೆಯ ಅಧ್ಯಯನ ನಗರದಲ್ಲೂ ಉಂಟು. 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ದಿವಂಗತ ಸಿ.ಆರ್. ರಾವ್ ಅವರ ಹೆಸರಿನ ಸಂಸ್ಥೆ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿದ್ದು, ಗೂಢಲಿಪಿ ಶಾಸ್ತ್ರ ಅಲ್ಲಿನ ಸಂಶೋಧನಾ ವಿಷಯಗಳಲ್ಲೊಂದು.

ಗಣಿತ ಎಷ್ಟೇ ಗಟ್ಟಿಯಿದ್ದರೂ ಗುಟ್ಟಿನ ಕೀಲಿ ಕಾಯಬೇಕಾದವರು ಸಹಿದಾರರೇ. ರಿಟರ್ನ್ ಸಲ್ಲಿಸಲೆಂದು ಯುಎಸ್‌ಬಿ ಟೋಕನ್ನನ್ನೂ ಪಿನ್ನನ್ನೂ ಬೇರೆಯವರ ಕೈಗೆ ಒಪ್ಪಿಸುವ ಸಂಘ ಸಂಸ್ಥೆಗಳ ಪದಾಧಿಕಾರಿಗಳು, ವ್ಯಾಪಾರಸ್ಥರು ಇದನ್ನು ಮರೆಯಬಾರದು. ಅದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಂತೆಯೇ.