ಮುಪ್ಪಿನ ಗುಟ್ಟು ಹೇಳುವ ಹುಳು

ಮೂಡಿಗೆರೆ, ಕಳಸ ಕಡೆಯ ಕಾಫಿ ಬೆಳೆಗಾರರಿಗೆ ಜಂತುಹುಳು ಎಂದರೆ ಬೇರಿಗೆ ಬೀಳುವ ಶತ್ರು. ಬರಿಗಣ್ಣಿಗೆ ಕಾಣದ ಈ ಹುಳು ಅರೇಬಿಕಾ ಗಿಡದ ಎಳೆಬೇರು ಕೊರೆದು ಗಿಡವನ್ನು ಸೊರಗಿಸುತ್ತದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರಕ್ಕೂ ಇದು ಪರಿಚಿತ ಪೀಡೆ. ರೋಬಸ್ಟಾ ಬೇರಿನ ಮೇಲೆ ಅರೇಬಿಕಾ ಕಸಿ ಕಟ್ಟುವುದು ಇದಕ್ಕೆ ಒಂದು ಉಪಾಯ.

ಇದೇ ಬಳಗದಲ್ಲಿ ಬೆಳೆಗೆ ಕೇಡು ಮಾಡದ ಇನ್ನೊಂದು ಹುಳುವಿದೆ. ವಿಜ್ಞಾನಿಗಳು ಅದನ್ನು ಸಿ. ಎಲೆಗಾನ್ಸ್ ಎನ್ನುತ್ತಾರೆ. ಉದ್ದ ಸುಮಾರು 1 ಮಿಲಿಮೀಟರ್. ಕೊಳೆತ ಹಣ್ಣು, ಗೊಬ್ಬರದ ರಾಶಿಯಲ್ಲಿನ ಬ್ಯಾಕ್ಟೀರಿಯಾ ಅದರ ಆಹಾರ. ಮನುಷ್ಯನಿಗೆ ಮುಪ್ಪು ಏಕೆ ಬರುತ್ತದೆ ಎಂದು ತಿಳಿಯಹೊರಟವರು ಹಿಡಿದದ್ದು ಈ ಹುಳುವಿನ ಜಾಡನ್ನು.

ಕಾರಣ ಸರಳ. ಮನುಷ್ಯನ ಬದುಕನ್ನು ಹುಟ್ಟಿನಿಂದ ಸಾವಿನವರೆಗೆ ಗಮನಿಸಲು ಒಬ್ಬ ವಿಜ್ಞಾನಿಯ ಆಯುಸ್ಸು ಸಾಲದು. ಈ ಹುಳುವಾದರೋ ಮೂರು ದಿನಗಳಲ್ಲಿ ಪ್ರಾಯಕ್ಕೆ ಬಂದು, ಎರಡು ಮೂರು ವಾರಗಳಲ್ಲಿ ಸಾಯುತ್ತದೆ. ಮೈ ಪಾರದರ್ಶಕ. ಸಂತಾನಕೋಶಗಳನ್ನು ಬಿಟ್ಟರೆ ದೇಹದಲ್ಲಿರುವುದು ಕೇವಲ 959 ಜೀವಕೋಶ. ವಯಸ್ಸಾದಂತೆ ನಮ್ಮಂತೆಯೇ ಅದರ ಸ್ನಾಯು ಕುಗ್ಗಿ, ಚಲನೆ ನಿಧಾನವಾಗುತ್ತದೆ. ಸಿಡ್ನಿ ಬ್ರೆನ್ನರ್ 1974ರಲ್ಲಿ ಇದರ ಅನುವಂಶೀಯತೆಯ ಅಧ್ಯಯನವನ್ನು ಪ್ರಕಟಿಸಿದ ಮೇಲೆ ಅದು ಪ್ರಯೋಗಾಲಯಗಳಲ್ಲಿ ನೆಲೆಯೂರಿತು. ಈ ಹುಳುವಿನ ಸಂಶೋಧನೆಗಾಗಿ ಬ್ರೆನ್ನರ್ ಮತ್ತು ಇಬ್ಬರು ಸಂಗಡಿಗರಿಗೆ 2002ರ ನೊಬೆಲ್ ಬಂತು.

ತೋಟದ ಪಲ್ಪರ್ ಯಂತ್ರ ಸವೆದಂತೆ ದೇಹವೂ ಸವೆಯುತ್ತದೆ, ಅದೇ ಮುಪ್ಪು ಎಂಬುದು ಹಳೆಯ ನಂಬಿಕೆ. ಅದನ್ನು ಅಲುಗಾಡಿಸಿದ್ದು 1993ರಲ್ಲಿ ಅಮೆರಿಕದ ಸಿಂಥಿಯಾ ಕೆನ್ಯನ್ ತಂಡದ ಪ್ರಯೋಗ. ಡ್ಯಾಫ್-2 ಎಂಬ ಒಂದೇ ಜೀನ್ ಬದಲಾದಾಗ ಹುಳುವಿನ ಆಯುಸ್ಸು ಇಮ್ಮಡಿಯಾಯಿತು. ಇನ್ಸುಲಿನ್ ಸಂದೇಶವನ್ನು ಗ್ರಹಿಸುವ ನಮ್ಮ ಜೀನ್‌ಗೂ ಡ್ಯಾಫ್-2ಗೂ ನಂಟಿದೆ ಎಂದು ಮುಂದೆ ತಿಳಿಯಿತು. ಡ್ಯಾಫ್-2 ಹತೋಟಿಯಲ್ಲಿಡುವ ಇನ್ನೊಂದು ಜೀನ್‌ನ ಮಾನವ ರೂಪಕ್ಕೂ ದೀರ್ಘಾಯುಸ್ಸಿಗೂ ಸಂಬಂಧವಿರುವುದು 2008ರಲ್ಲಿ ಹವಾಯಿಯ ಜಪಾನಿ ಮೂಲದ ಪುರುಷರ ಅಧ್ಯಯನದಲ್ಲಿ ಕಂಡುಬಂತು.

ಕಾಫಿ ನಾಡಿನವರ ಕಿವಿ ನೆಟ್ಟಗಾಗುವ ಸಂಗತಿಯೂ ಉಂಟು. ಕೆಫೀನ್ ಕೊಟ್ಟಾಗ ಈ ಹುಳು ಹೆಚ್ಚು ದಿನ ಬದುಕಿತೆಂದು 2012ರ ಅಧ್ಯಯನವೊಂದು ವರದಿ ಮಾಡಿತು. ಹಾಗೆಂದು ಲೋಟಗಟ್ಟಲೆ ಕಾಫಿ ಕುಡಿದರೆ ನೂರು ತುಂಬುತ್ತದೆಂದು ಭಾವಿಸಬೇಕಿಲ್ಲ. ಹುಳುವಿಗೆ ಹೃದಯವಿಲ್ಲ, ರಕ್ತವಿಲ್ಲ, ನಮ್ಮ ಕಾಯಿಲೆಗಳೂ ಇಲ್ಲ. ಅದರಲ್ಲಿ ಫಲಿಸಿದ್ದೆಲ್ಲ ಮನುಷ್ಯನಲ್ಲಿ ಫಲಿಸದು.

ಆದರೂ ಅದು ಕಲಿಸಿದ ಪಾಠ ದೊಡ್ಡದು. ಮುಪ್ಪಿನ ವೇಗಕ್ಕೆ ದೇಹದೊಳಗೇ ಒಂದು ಹತೋಟಿ ಇದೆ. ಆಯುಸ್ಸು ಹೆಚ್ಚಾಗದಿದ್ದರೂ, ಕೊನೆಯ ವರ್ಷಗಳು ಹಾಸಿಗೆ ಹಿಡಿಯದೆ ಕಳೆಯುವಂತಾದರೆ ಸಾಕು ಎನ್ನುವ ಹಿರಿಯರಿಗೆ ಅದೇ ಭರವಸೆ.