ಬೆಳ್ಳಿಯ ಕಾಗದಕ್ಕೆ ಕ್ಯಾಮೆರಾ ಬೇಕಿಲ್ಲ

1956ರ ನವೆಂಬರ್ 10ರಂದು ಬೆಲ್ಜಿಯಂನ ಕಲಾವಿದ ಪಿಯೆರ್ ಕೊರ್ದಿಯೆ, ಪರಿಚಯದ ಜರ್ಮನ್ ಯುವತಿಯೊಬ್ಬಳಿಗೆ ನಾಲ್ಕು ಮಾತು ಬರೆದುಕೊಡಲು ಫೋಟೋ ಕಾಗದದ ಹಾಳೆಯೊಂದನ್ನು ಎತ್ತಿಕೊಂಡರು. ಬರೆದದ್ದು ಪೆನ್ನಿನಿಂದಲ್ಲ, ಉಗುರಿಗೆ ಹಚ್ಚುವ ಬಣ್ಣದಿಂದ. ಡಾರ್ಕ್‌ರೂಮಿನ ದ್ರಾವಣಗಳಿಗೂ ಆ ಬಣ್ಣಕ್ಕೂ ನಡುವೆ ನಡೆದ ವ್ಯವಹಾರ ಅವರನ್ನು ಹಿಡಿದುಹಾಕಿತು. ಲೆನ್ಸ್ ಇಲ್ಲ, ನೆಗೆಟಿವ್ ಇಲ್ಲ, ಎನ್‌ಲಾರ್ಜರ್ ಇಲ್ಲ, ಕತ್ತಲೆಯೂ ಬೇಕಾಗಿಲ್ಲ. ಆದರೂ ಕಾಗದದ ಮೇಲೆ ಚಿತ್ರ ಮೂಡುತ್ತದೆ. ಅದಕ್ಕೆ ಕೆಮಿಗ್ರಾಮ್ ಎಂದು ಹೆಸರಿಟ್ಟು, ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದನ್ನೇ ಬೆಳೆಸಿದರು. 1967ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಅವರ ಕೃತಿಗಳನ್ನು ಗೋಡೆಗೇರಿಸಿತು.

ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಫೋಟೋ ಕಾಗದದ ಒಳಗೆ ಏನಿದೆ ಎಂದು ನೋಡಬೇಕು. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಕಪ್ಪು-ಬಿಳುಪು ಫೋಟೋ ತೊಳೆಯಲು ಬಳಸುತ್ತಿದ್ದ ಬ್ರೋಮೈಡ್ ಪೇಪರ್ ಮೇಲೆ ಜೆಲಟಿನ್ನಿನ ತೆಳುಪದರವಿದೆ. ಅದರ ತುಂಬ ಬೆಳ್ಳಿಯ ಬ್ರೋಮೈಡ್, ಕ್ಲೋರೈಡುಗಳ ಹರಳುಗಳು. ಒಂದೊಂದರ ಗಾತ್ರ ಸುಮಾರು ಮಿಲಿಮೀಟರಿನ ಸಾವಿರದ ಒಂದು ಭಾಗ, ಅಥವಾ ಅದಕ್ಕೂ ಕಡಿಮೆ. ಬೆಳಕು ಬಿದ್ದಾಗ ಹರಳಿನೊಳಗೆ ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಅಲೆದಾಡುವ ಬೆಳ್ಳಿಯ ಅಯಾನುಗಳ ಜತೆ ಸೇರಿ, ಬೆಳ್ಳಿಯ ಪರಮಾಣುಗಳಾಗುತ್ತವೆ. ಅಂಥ ನಾಲ್ಕೈದು ಪರಮಾಣುಗಳು ಒಂದೆಡೆ ಗುಂಪುಗೂಡಿದರೆ ಸಾಕು, ಆ ಹರಳು ಡೆವಲಪರ್ ದ್ರಾವಣಕ್ಕೆ ಸಿದ್ಧವಾಯಿತು. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಡೆವಲಪರ್ ಮುಟ್ಟಿದ ಕೂಡಲೇ ಆ ಪುಟ್ಟ ಗುಂಪಿನಿಂದ ಶುರುವಾಗಿ ಇಡೀ ಹರಳು ಕಪ್ಪು ಬೆಳ್ಳಿಯಾಗಿಬಿಡುತ್ತದೆ. ಬೆಳಕು ಮಾಡಿದ ಕೆಲಸವನ್ನು ಡೆವಲಪರ್ ಹೀಗೆ ಸುಮಾರು ನೂರು ಕೋಟಿ ಪಟ್ಟು ಹೆಚ್ಚಿಸಬಲ್ಲದು. ಉಳಿದ ಹರಳುಗಳನ್ನು ಕರಗಿಸಿ ತೆಗೆಯುವುದು ಫಿಕ್ಸರ್, ಅಂದರೆ ಹೈಪೋ. ಇದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು. ಫೋಟೋಗ್ರಫಿಗೆ ಅದು ದಕ್ಕಿದ್ದು ಇಪ್ಪತ್ತು ವರ್ಷದ ನಂತರ.

ಈ ಇಡೀ ವಿವರಣೆಯಲ್ಲಿ ಕ್ಯಾಮೆರಾ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಎಲ್ಲಿ ಎಷ್ಟು ಬೆಳಕು ಬೀಳಬೇಕೆಂದು ನಿರ್ಧರಿಸುವುದಷ್ಟೇ ಅದರ ಪಾಲು. ಕಾಗದಕ್ಕೆ ಅದರದೇ ರಸಾಯನ, ಅದರದೇ ಸ್ವಭಾವ ಇದೆ. ಕಾರ್ಖಾನೆಗಳು ನೂರು ವರ್ಷ ಈ ಸ್ವಭಾವವನ್ನು ಪಳಗಿಸಲು ದುಡಿದವು. ಮಂಕು, ಕಲೆ, ಕಪ್ಪು-ಬಿಳುಪಿನ ತಿರುಗುಮುರುಗು ಇವೆಲ್ಲ ಅವುಗಳ ಲೆಕ್ಕದಲ್ಲಿ ದೋಷ. ಆ ದೋಷಗಳನ್ನೇ ಎತ್ತಿಕೊಂಡು ಕೆಲಸ ಮಾಡಿದ ಕಲಾವಿದರು ಈ ವಸ್ತುವಿನ ಬಗ್ಗೆ ನಮಗೆ ಹೇಳಿಕೊಟ್ಟಷ್ಟನ್ನು ಸಾವಿರ ಚಂದದ ಫೋಟೋಗಳು ಹೇಳಿಕೊಟ್ಟಿಲ್ಲ ಎಂದೇ ನನ್ನ ನಂಬಿಕೆ.

ಕೊರ್ದಿಯೆಯವರ ವಿಧಾನವನ್ನು ಹತ್ತಿರದಿಂದ ನೋಡೋಣ. ಕಾಗದವನ್ನು ಮಾಮೂಲಿ ಬೆಳಕಿನಲ್ಲೇ ಬಿಚ್ಚಿಡುತ್ತಾರೆ. ಎಲ್ಲ ಹರಳುಗಳ ಮೇಲೂ ಬೆಳಕು ಬಿದ್ದಾಯಿತು. ಡೆವಲಪರಿಗೆ ಹಾಕಿದರೆ ಇಡೀ ಹಾಳೆ ಕಪ್ಪು, ಮೊದಲು ಹೈಪೋಗೆ ಹಾಕಿದರೆ ಇಡೀ ಹಾಳೆ ಬಿಳುಪು. ಈಗ ಅದರ ಮೇಲೆ ಜೇನುತುಪ್ಪವನ್ನೋ ವಾರ್ನಿಶನ್ನೋ ಹಚ್ಚಿ. ಬಾಟಿಕ್ ಬಟ್ಟೆಯಲ್ಲಿ ಮೇಣ ಬಣ್ಣವನ್ನು ತಡೆಯುವ ಹಾಗೆ ಇದು ದ್ರಾವಣವನ್ನು ತಡೆಯುತ್ತದೆ. ಹಾಳೆಯನ್ನು ಡೆವಲಪರಿಗೆ ಇಳಿಸಿದರೆ ಬಯಲಾಗಿರುವ ಜಾಗವೆಲ್ಲ ಕಪ್ಪಾಗುತ್ತದೆ. ಅಷ್ಟರಲ್ಲಿ ಜೇನಿನ ಅಂಚು ಒಂದಿಷ್ಟು ಕರಗಿ ಹಿಂದೆ ಸರಿದಿರುತ್ತದೆ. ಹಾಳೆಯನ್ನು ಹೈಪೋಗೆ ದಾಟಿಸಿದರೆ ಹೊಸದಾಗಿ ತೆರೆದುಕೊಳ್ಳುವ ಅಂಚು ಬಿಳಿಯಾಗಿ ನಿಲ್ಲುತ್ತದೆ. ನೀರಿನಲ್ಲಿ ಜಾಲಿಸಿ ಮತ್ತೆ ಡೆವಲಪರಿಗೆ ತಂದರೆ ಅದರ ಪಕ್ಕದಲ್ಲೊಂದು ಕಪ್ಪು ಗೆರೆ. ಹೀಗೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಓಡಾಡಿಸಿದಷ್ಟೂ ಗೆರೆಗಳು ಒಂದರೊಳಗೊಂದು ಕೂಡುತ್ತ ಹೋಗುತ್ತವೆ. ಜೇನು ನಿಮಿಷಗಳಲ್ಲಿ ಕರಗುತ್ತದೆ. ಗಟ್ಟಿ ವಾರ್ನಿಶ್ ಆದರೆ ಗಂಟೆಗಟ್ಟಲೆ ಹಿಡಿಯಬಹುದು. ಅದರಲ್ಲಿ ಚಾಕುವಿನ ಮೊನೆಯಿಂದ ಸೀಳು ಮಾಡಿದರೆ ದ್ರಾವಣ ಆ ಸೀಳಿನಿಂದ ಒಳನುಗ್ಗಿ ಎರಡೂ ಕಡೆಗೆ ಹರಡುತ್ತದೆ. ಕೊರ್ದಿಯೆಯವರ ಚಕ್ರವ್ಯೂಹದಂಥ ಸೂಕ್ಷ್ಮ ವಿನ್ಯಾಸಗಳು ಹುಟ್ಟಿದ್ದು ಈ ಬಗೆಯ ತಾಳ್ಮೆಯಿಂದ. ಕೆಲವೆಡೆ ಕಂದು, ನೇರಳೆ, ಬೂದು ಛಾಯೆಗಳೂ ಕಾಣುತ್ತವೆ. ಯಾವ ಬಣ್ಣವನ್ನೂ ಬೆರೆಸಿಲ್ಲ. ಬೆಳ್ಳಿಯ ಕಣಗಳು ತೀರ ಸಣ್ಣವಾದಾಗ ಬೆಳಕನ್ನು ಹೀರುವ ಮತ್ತು ಚದುರಿಸುವ ರೀತಿಯೇ ಬದಲಾಗುತ್ತದೆ.

ಕ್ಯಾಮೆರಾ ಇಲ್ಲದ ಚಿತ್ರಗಳು ಕೆಮಿಗ್ರಾಮಿಗಿಂತಲೂ ಹಳೆಯವು. ಆನಾ ಆಟ್ಕಿನ್ಸ್ 1843ರಿಂದ ಇಂಗ್ಲೆಂಡಿನ ಕಡಲಪಾಚಿಗಳನ್ನು ಬೆಳಕಿಗೆ ನೀಲಿಗಟ್ಟುವ ಸೈನೋಟೈಪ್ ಕಾಗದದ ಮೇಲೆ ಇಟ್ಟು ಬಿಸಿಲಿಗೆ ಒಡ್ಡಿ ಪುಸ್ತಕವನ್ನೇ ಮಾಡಿದರು. 1922ರಲ್ಲಿ ಪ್ಯಾರಿಸ್ಸಿನಲ್ಲಿ ಕಲಾವಿದ ಮ್ಯಾನ್ ರೇ, ಟ್ರೇಯಲ್ಲಿ ನೆನೆದಿದ್ದ ಕಾಗದದ ಮೇಲೆ ಗಾಜಿನ ಆಲಿಕೆ, ಥರ್ಮಾಮೀಟರುಗಳನ್ನಿಟ್ಟು ದೀಪ ಹಾಕಿ ನೆರಳುಗಳನ್ನು ಹಿಡಿದರು. ಅಲ್ಲೆಲ್ಲ ಚಿತ್ರ ಬರೆದದ್ದು ಬೆಳಕು. ಕೊರ್ದಿಯೆಯಲ್ಲಿ ಬರೆದದ್ದು ದ್ರಾವಣ.

ಬೆಳ್ಳಿಗೆ ಸಿಕ್ಕಷ್ಟು ಗೌರವ ಜೆಲಟಿನ್ನಿಗೆ ಸಿಕ್ಕಿಲ್ಲ. ಎಲುಬು, ಚರ್ಮಗಳಿಂದ ತೆಗೆಯುವ ಈ ಅಂಟು ಬರೀ ಹಿಡಿದಿಡುವ ಪದರವಲ್ಲ. ಒಂದು ಜೆಲಟಿನ್ನಿನಿಂದ ಚುರುಕಾದ ಫಿಲ್ಮ್, ಇನ್ನೊಂದರಿಂದ ಮಂದ ಫಿಲ್ಮ್ ಬರುವುದೇಕೆಂದು ಕೊಡಾಕ್ ಕಂಪನಿಯ ಸ್ಯಾಮ್ಯುಯೆಲ್ ಶೆಪರ್ಡ್ 1920ರ ದಶಕದಲ್ಲಿ ಹುಡುಕಿದಾಗ ಸಿಕ್ಕಿದ್ದು ಸಾಸಿವೆ ಎಣ್ಣೆಯಲ್ಲಿರುವಂಥ ಗಂಧಕದ ಸಂಯುಕ್ತ. ದನ ಮೇಯ್ದ ಸಾಸಿವೆ ಜಾತಿಯ ಗಿಡಗಳ ಗಂಧಕ ಜೆಲಟಿನ್ನಿಗೆ ದಾಟಿ ಹರಳುಗಳನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತಿತ್ತು! ಇನ್ನೊಂದು ಕತೆ 1896ರದು. ಜರ್ಮನಿಯ ಫೋಟೋ ರಸಾಯನ ತಜ್ಞ ರಾಫೆಲ್ ಲೀಸೆಗಾಂಗ್, ಪೊಟ್ಯಾಸಿಯಂ ಡೈಕ್ರೋಮೇಟ್ ಬೆರೆಸಿದ ಜೆಲಟಿನ್ ಮೇಲೆ ಬೆಳ್ಳಿಯ ನೈಟ್ರೇಟ್ ಹನಿ ಬಿಟ್ಟರು. ಹನಿಯ ಸುತ್ತ ಒಂದೇ ಸಮನೆ ಕಲೆ ಹರಡಬೇಕಿತ್ತು. ಹರಡಿದ್ದು ಬಿಡಿಬಿಡಿ ಉಂಗುರಗಳು. ಈ ಲೀಸೆಗಾಂಗ್ ಉಂಗುರಗಳ ಬೆನ್ನು ಹತ್ತಿದವರಲ್ಲಿ ನಮ್ಮ ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಕೂಡ ಒಬ್ಬರು. ಸುಬ್ಬರಾಮಯ್ಯನವರ ಜತೆ 1939ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಈ ಉಂಗುರಗಳಿಗೆ ಅಲೆಯ ಗುಣವಿದೆ ಎಂದು ವಾದಿಸಿದರು. ಕೆಮಿಗ್ರಾಮಿನ ಗೆರೆಗಳು ನೋಡಲು ಇವುಗಳ ಅಕ್ಕತಂಗಿಯರಂತಿದ್ದರೂ ಕಾರಣ ಬೇರೆ. ಅಲ್ಲಿ ಲಯ ಹುಟ್ಟುವುದು ಜೆಲಟಿನ್ನಿನೊಳಗಿನ ಹರಡುವಿಕೆ ಮತ್ತು ಅವಕ್ಷೇಪನದಿಂದ. ಇಲ್ಲಿ ಹಾಳೆಯನ್ನು ಅದ್ದಿ ತೆಗೆಯುವ ಕೈಯಿಂದ.

ಅಮೆರಿಕದ ಅಲಿಸನ್ ರಾಸಿಟರ್ ಮಾಡುವುದು ಕೊರ್ದಿಯೆಗಿಂತಲೂ ಕಡಿಮೆ. ಅವಧಿ ಮುಗಿದ ಹಳೆಯ ಫೋಟೋ ಕಾಗದದ ಪೆಟ್ಟಿಗೆಗಳನ್ನು 2007ರಿಂದ ಹುಡುಕಿ ಕೊಳ್ಳುತ್ತ ಬಂದಿರುವ ಅವರು, ಹಾಳೆಗೆ ಯಾವ ಚಿತ್ರವನ್ನೂ ಒಡ್ಡದೆ ಸೀದಾ ಡೆವಲಪ್ ಮಾಡುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯ ಕಾಗದಗಳೂ ಅವರ ಸಂಗ್ರಹದಲ್ಲಿವೆ. ಮೂಡುವುದು ಕಾಗದ ಪೆಟ್ಟಿಗೆಯೊಳಗೆ ಕಳೆದ ದಶಕಗಳ ದಾಖಲೆ: ಅಂಚಿನಿಂದ ನುಸುಳಿದ ಬೆಳಕು, ತೇವ, ಜೆಲಟಿನ್ ತಿಂದ ಬೂಷ್ಟು, ಯಾರದೋ ಬೆರಳಚ್ಚು. ಬೆಳಕೇ ಬೀಳದಿದ್ದರೂ ಹರಳು ಸುಮ್ಮನಿರುವುದಿಲ್ಲ. ಕೋಣೆಯ ಸಾಮಾನ್ಯ ಶಾಖಕ್ಕೇ ಅಪರೂಪಕ್ಕೊಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ, ವರ್ಷಗಳು ಕಳೆದಂತೆ ಪರಮಾಣುಗಳು ಗುಂಪುಗೂಡುತ್ತವೆ. ಫಿಲ್ಮನ್ನು ಫ್ರಿಜ್ಜಿನಲ್ಲಿ ಇಡುತ್ತಿದ್ದದ್ದು ಇದನ್ನು ತಡೆಯಲೆಂದೇ. ಸ್ಟುಡಿಯೋದವರು ಮಂಕು ಎಂದು ಎಸೆಯುತ್ತಿದ್ದ ಹಾಳೆ ರಾಸಿಟರ್ ಕೈಯಲ್ಲಿ ದಿಗಂತದಂತೆ, ಮಬ್ಬು ಬೆಟ್ಟದಂತೆ ಕಾಣುತ್ತದೆ. ಕಾಗದದ ಕಂಪನಿ, ಅವಧಿ ಮುಗಿದ ಕಾಲ, ತೊಳೆದ ವರ್ಷ ಇವೇ ಶೀರ್ಷಿಕೆ. ಪ್ರಯೋಗಾಲಯದ ಮಾದರಿಗೆ ಚೀಟಿ ಅಂಟಿಸುವಷ್ಟೇ ನಿಖರವಾದ ಆ ಶೀರ್ಷಿಕೆಗಳು ನನಗೆ ಚಿತ್ರಗಳಷ್ಟೇ ಇಷ್ಟ.

ಬೆಳಕು ಅತಿಯಾದರೆ ಏನಾಗುತ್ತದೆ? ಕ್ಯಾಲಿಫೋರ್ನಿಯಾದ ಕ್ರಿಸ್ ಮೆಕಾ 2003ರಲ್ಲಿ ರಾತ್ರಿಯಿಡೀ ನಕ್ಷತ್ರಗಳ ಜಾಡು ಹಿಡಿಯಲು ಕ್ಯಾಮೆರಾ ತೆರೆದಿಟ್ಟು ಮಲಗಿದರು, ಬೆಳಗ್ಗೆ ಏಳುವುದು ತಡವಾಯಿತು. ಉದಯಿಸಿದ ಸೂರ್ಯ ಲೆನ್ಸಿನ ಮೂಲಕ ಫಿಲ್ಮನ್ನೇ ಸುಟ್ಟಿದ್ದ. ನಂತರ ಅವರು ದೊಡ್ಡ ಲೆನ್ಸುಗಳ ಕ್ಯಾಮೆರಾ ಕಟ್ಟಿ, ಫಿಲ್ಮಿನ ಬದಲು ಹಳೆಯ ಫೋಟೋ ಕಾಗದವನ್ನೇ ಇಟ್ಟು, ಗಂಟೆಗಟ್ಟಲೆ ಸೂರ್ಯನಿಗೆ ಮುಖಮಾಡಿದರು. ಸೂರ್ಯ ಚಲಿಸಿದ ದಾರಿಯುದ್ದಕ್ಕೂ ಕಾಗದ ಸುಟ್ಟು ಸೀಳುತ್ತದೆ. ಅದಕ್ಕಿಂತ ವಿಚಿತ್ರ ಆಕಾಶದ್ದು. ನೆಗೆಟಿವಿನಲ್ಲಿ ಬೆಳಗುವ ಆಕಾಶ ಕಪ್ಪಾಗಬೇಕು, ಇಲ್ಲಿ ತಿಳಿಯಾಗಿಯೇ ಉಳಿಯುತ್ತದೆ. ಮಿತಿಮೀರಿದ ಬೆಳಕಿಗೆ ಹರಳಿನಿಂದ ಹೊರಬೀಳುವ ಬ್ರೋಮಿನ್, ಹೊರಮೈಯ ಬೆಳ್ಳಿಗುಂಪುಗಳ ಮೇಲೇ ಎರಗಿ ಅವುಗಳನ್ನು ಮತ್ತೆ ಬ್ರೋಮೈಡ್ ಮಾಡುತ್ತದೆ. ಡೆವಲಪರಿಗೆ ಶುರುಮಾಡಲು ಜಾಗವೇ ಸಿಗುವುದಿಲ್ಲ. ಇದೇ ಸೋಲರೈಸೇಶನ್.

ಸುಟ್ಟ ಗೆರೆಯಲ್ಲಿ ಖಗೋಳ ಪಾಠವೂ ಇದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಸೂರ್ಯ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಮುಂದೆ ಹೋಗುತ್ತಾನೆ. ಗೆರೆಯ ಓರೆ ನಿಂತ ಜಾಗದ ಅಕ್ಷಾಂಶವನ್ನು ಹೇಳುತ್ತದೆ. ವಿಷುವ ದಿನದಂದು ಭೂಮಧ್ಯರೇಖೆಯ ಮೇಲೆ ನಿಂತರೆ ಗೆರೆ ನೆಟ್ಟಗೆ ಮೇಲೇರುತ್ತದೆ. 13 ಡಿಗ್ರಿ ಉತ್ತರದಲ್ಲಿರುವ ಬೆಂಗಳೂರಿನಲ್ಲಿ ಅದೇ ದಿನ ದಿಗಂತಕ್ಕೆ 77 ಡಿಗ್ರಿಯಲ್ಲಿ ವಾಲುತ್ತದೆ. ಬೇಸಿಗೆಯಲ್ಲಿ ಸೂರ್ಯ ಮುಳುಗದ ಅಲಾಸ್ಕದ ಉತ್ತರ ಭಾಗಕ್ಕೂ ಮೆಕಾ ಹೋಗಿ ಬಂದರು.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡುವವರು ಜಪಾನಿನ ಶಿಂಪೇ ತಾಕೇದಾ. ಅವರು ಹುಟ್ಟಿದ್ದೇ ಫುಕುಶಿಮಾ ಪ್ರಾಂತದಲ್ಲಿ. 2011ರ ಮಾರ್ಚಿನ ಅಣುಸ್ಥಾವರ ದುರಂತದ ಮರುವರ್ಷ, ದೇವಸ್ಥಾನ, ಕೋಟೆ, ಯುದ್ಧಭೂಮಿಗಳಂಥ ಹಳೆಯ ನೆನಪಿನ ಜಾಗಗಳಿಂದ ಮಣ್ಣು ತಂದು ಫಿಲ್ಮಿನ ಮೇಲೆ ಹರಡಿ, ಬೆಳಕು ತಾಗದಂತೆ ಸುಮಾರು ಒಂದು ತಿಂಗಳು ಬಿಟ್ಟರು. ದುರಂತದಿಂದ ಮಣ್ಣಿಗೆ ಸೇರಿದ್ದ ವಿಕಿರಣಶೀಲ ಸೀಸಿಯಂನ ಒಂದೊಂದು ಪರಮಾಣು ಸಿಡಿದಾಗಲೂ ಹೊರಟ ಎಲೆಕ್ಟ್ರಾನ್ ಹರಳುಗಳನ್ನು ತೂರಿಹೋಗುತ್ತದೆ. ಬೆಳಕು ಬಿಟ್ಟುಹೋಗುವ ಗುರುತನ್ನೇ ಅದೂ ಬಿಟ್ಟುಹೋಗುತ್ತದೆ. ಪ್ಯಾರಿಸ್ಸಿನಲ್ಲಿ ವಿಜ್ಞಾನಿ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣದಡಿ ಇಟ್ಟ ಫೋಟೋ ಫಲಕ ಡ್ರಾಯರಿನ ಕತ್ತಲೆಯಲ್ಲೇ ಕಪ್ಪಿಟ್ಟು ವಿಕಿರಣಶೀಲತೆ ಪತ್ತೆಯಾದದ್ದೂ ಹೀಗೆಯೇ, 1896ರಲ್ಲಿ. ತಾಕೇದಾರ ಕೆಲವು ಹಾಳೆಗಳು ಬಹುಪಾಲು ಖಾಲಿ. ನಿಹೊನ್‌ಮಾತ್ಸು ಕೋಟೆಯ ಮಣ್ಣಿನದು ಮಾತ್ರ ಚುಕ್ಕಿ ತುಂಬಿದ ರಾತ್ರಿಯ ಆಕಾಶ. ಸುಂದರವಾಗಿದೆ ಎಂದು ಹೇಳಲು ನಾಲಿಗೆ ಹಿಂಜರಿಯುತ್ತದೆ. ಸೀಸಿಯಂ-137 ಅರ್ಧಕ್ಕಿಳಿಯಲು 30 ವರ್ಷ ಬೇಕು. ಹೊಲದ ಮೇಲೆ ಕುಳಿತ ಕಣ್ಣಿಗೆ ಕಾಣದ ಈ ವಸ್ತುವಿಗೆ ಫಿಲ್ಮು ಕಣ್ಣಾಯಿತು.

ಕೆಮಿಗ್ರಾಮನ್ನು ಯಾರಾದರೂ ಮಾಡಿನೋಡಬಹುದು. ಪರಿಚಯದ ಹಳೆಯ ಸ್ಟುಡಿಯೋದ ಅಟ್ಟದಲ್ಲಿ ಕಪ್ಪು-ಬಿಳುಪು ಬ್ರೋಮೈಡ್ ಪೇಪರಿನ ಪೊಟ್ಟಣ ಉಳಿದಿದ್ದರೆ ಕೇಳಿ. ಅವಧಿ ಮುಗಿದಿದ್ದರೂ ಆಗುತ್ತದೆ, ಇಂಕ್‌ಜೆಟ್ ಕಾಗದ ಆಗದು. ಹಲವು ಡೆವಲಪರುಗಳಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ, ಆದ್ದರಿಂದ ಕೈಗವಸು ಹಾಕಿಕೊಂಡು ಗಾಳಿಯಾಡುವ ಕಡೆ ಕೂರಬೇಕು. ಅಡುಗೆಯ ಪಾತ್ರೆ ಬಳಸಬಾರದು. ಬಳಸಿದ ಹೈಪೋವನ್ನು ಮೋರಿಗೆ ಚೆಲ್ಲಬೇಡಿ, ಅದರಲ್ಲಿ ಕರಗಿದ ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಸ್ಟೀಲ್ ವೂಲ್ ಹಾಕಿಡಿ: ಕೆಲವು ದಿನಗಳಲ್ಲಿ ಕಬ್ಬಿಣ ಕರಗಿ ದ್ರಾವಣಕ್ಕೆ ಸೇರುತ್ತದೆ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಅದನ್ನು ಸೋಸಿ ಒಣಗಿಸಿ ಕೂಡಿಟ್ಟರೆ ಬೆಳ್ಳಿ ಶುದ್ಧಿ ಮಾಡುವವರು ತೆಗೆದುಕೊಳ್ಳುತ್ತಾರೆ.